ಮಾವನ ಮುಂದೆ ಬಾಯಿ ತೆರೆದದ್ದು

ತಾಂಬಾದ ಆ ಮನೆಯಲ್ಲಿ ಕೂತಲ್ಲಿ ಕೂರದವಳು ಒಬ್ಬಳೇ, ಸೊಸೆ ವಿಜಯಶ್ರೀ. ಅಡಿಗೆಮನೆಯಿಂದ ಪಡಸಾಲೆಯ ಬಾಗಿಲತನಕ ಬರುವಳು, ಅಲ್ಲಿ ಮಾವ ಕೂತಿರುವುದನ್ನು ಕಂಡು ಹಿಂದಿರುಗುವಳು, ಹಿತ್ತಿಲಿಗೆ ಹೋಗಿ ಎಮ್ಮೆಯ ಮುಖ ನೋಡುವಳು, ಮತ್ತೆ ಒಳಗೆ ಬರುವಳು. ಮೂರು ವರ್ಷ ಸಿಂದಗಿ–ಇಂಡಿ ಬಸ್ಸಿನಲ್ಲಿ ಕಂಡಕ್ಟರಾಗಿ ನಿಂತೇ ದಿನ ಕಳೆದ ಕಾಲುಗಳು ಅವು, ಮನೆಯಲ್ಲಿ ಕೂರು ಎಂದರೆ ಕೂರುತ್ತವೆಯೇ? ಊರ ಹೊರಗಿನ ರಸ್ತೆಯಲ್ಲಿ ಬಸ್ಸಿನ ಸದ್ದು ಕೇಳಿದರೆ ಸಾಕು, ಯಾವ ಗಾಡಿ, ಎಷ್ಟು ತಡ, ಓಡಿಸುವವನು ಯಾರು ಎಂಬುದೆಲ್ಲ ಅವಳಿಗೆ ತಿಳಿದುಬಿಡುತ್ತಿತ್ತು. ತಿಳಿದು ಮಾಡುವುದೇನು? ಬಲಗಿವಿಯ ಮುಂದೆ ಹೊಲಿಗೆಯ ಗುರುತು, ಬಾಯಿ ತೆರೆದರೆ ಒಂದೂವರೆ ಬೆರಳು. ಬಾಯಿ ಇಲ್ಲದ ಕಂಡಕ್ಟರನ್ನು ಯಾವ ಡಿಪೋದವರು ಗಾಡಿ ಹತ್ತಿಸುತ್ತಾರೆ?

ಈ ಬಾಯಿಯ ಕತೆ ಹಳೆಯದು. ಮುದ್ದೇಬಿಹಾಳದ ತವರಿನಲ್ಲಿದ್ದಾಗಲೇ, ಬಾಯಿ ಅಗಲಿಸಿದಾಗೆಲ್ಲ ಬಲ ದವಡೆಯ ಕೀಲಿನಲ್ಲಿ ‘ಟಕ್’ ಎನ್ನುತ್ತಿತ್ತು. ನೋವಿಲ್ಲದ ಸದ್ದನ್ನು ಯಾರು ಲೆಕ್ಕಕ್ಕಿಡುತ್ತಾರೆ? ತಂಗಿಯರು ನಗುತ್ತಿದ್ದರು, ಇವಳೂ ನಗುತ್ತಿದ್ದಳು. ಗಂಡನ ಮನೆಗೆ ಬಂದ ಹೊಸದರಲ್ಲಿ ಆ ಸದ್ದು ಅತ್ತೆ ಲಕ್ಕವ್ವನ ಕಿವಿಗೂ ಬಿತ್ತು. ಸೊಸೆಯ ಹಲ್ಲಿಗೆ ಹರಳು ಸಿಕ್ಕಿತೆಂದು ತಿಳಿದ ಆ ಪುಣ್ಯಾತ್ಗಿತ್ತಿ ತಿಂಗಳುಗಟ್ಟಲೆ ಜೋಳ ಹಸನು ಮಾಡಿದ್ದೇ ಮಾಡಿದ್ದು. ಗಿರಣಿಯವನನ್ನು ಬೈದಳು, ಜೋಳ ಬೆಳೆದ ಗಂಡನನ್ನೂ ಬಿಡಲಿಲ್ಲ.

ಹೋದ ಶ್ರಾವಣದ ಒಂದು ಬೆಳಿಗ್ಗೆ, ಡ್ಯೂಟಿಗೆ ಹೊರಟ ಗಡಿಬಿಡಿಯಲ್ಲಿ, ವಿಜಯಶ್ರೀ ಕಡಕ ರೊಟ್ಟಿಯ ಚೂರೊಂದನ್ನು ಬಾಯಿಗಿಟ್ಟಳು. ಅವತ್ತು ಟಕ್ ಎನ್ನಲಿಲ್ಲ. ಬಾಯಿ ಅರ್ಧಕ್ಕೆ ನಿಂತುಬಿಟ್ಟಿತು. ಕೈಯಿಂದ ಒತ್ತಿದಳು, ಗದ್ದ ಅತ್ತಿತ್ತ ಆಡಿಸಿದಳು, ಏನೂ ಉಪಯೋಗವಾಗಲಿಲ್ಲ. ಆ ದಿನವೆಲ್ಲ ಹಲ್ಲಿನ ಸಂದಿಯಿಂದಲೇ ‘ಟಿಕೆಟ್, ಟಿಕೆಟ್’ ಎಂದಳು. ಕಂಡಕ್ಟರಬಾಯಿ ಇವತ್ತು ಭಾರಿ ಸಿಟ್ಟಿನಲ್ಲಿದ್ದಾಳೆಂದು ತಿಳಿದ ಮಂದಿ ಚಿಲ್ಲರೆಯನ್ನು ಮೊದಲೇ ಕೈಯಲ್ಲಿ ಹಿಡಿದು ಕೂತಿದ್ದರು.

ಲಕ್ಕವ್ವ ದೃಷ್ಟಿ ತೆಗೆದಳು, ಉಪ್ಪಿನ ಶಾಖ ಕೊಟ್ಟಳು. ಇಂಡಿಯ ಹಲ್ಲಿನ ಡಾಕ್ಟರು ಹಲ್ಲುಗಳೆಲ್ಲ ಗಟ್ಟಿಯಾಗಿವೆ, ಇದು ಕೀಲಿನ ಕೆಲಸ ಎಂದು ವಿಜಯಪುರಕ್ಕೆ ಕಳಿಸಿದರು. ಅಲ್ಲಿ ಸಿಕ್ಕವರು ಡಾಕ್ಟರ್ ವಿದ್ಯಾವತಿ. ಬಸವನ ಬಾಗೇವಾಡಿಯವರು. ಮಾತಿನಲ್ಲಿ ಸುತ್ತಿ ಬಳಸುವ ಪೈಕಿ ಅಲ್ಲ.

“ದವಡಿ ಎಲುಬಿಗೂ ತಲಿ ಎಲುಬಿಗೂ ನಡುವ ಒಂದು ಸಣ್ಣ ಗಾದಿ ಇರ್ತೈತಿ,” ಎಂದು ಅವರು ಎರಡು ಮುಷ್ಟಿಗಳ ನಡುವೆ ಕರವಸ್ತ್ರ ಇಟ್ಟು ತೋರಿಸಿದ್ದರು. “ನಿಂದು ಜಾರಿ ಮುಂದ ಕುಂತೈತಿ. ಬಾಯಿ ತೆರಿಯಾಕ ಹ್ವಾದ್ರ ಎಲುಬು ಅದಕ್ಕ ಬಡದು ನಿಂದರತೈತಿ. ಇಷ್ಟ ದಿನ ಟಕ್ ಅಂತ ದಾಟತಿತ್ತು, ಈಗ ದಾಟವಲ್ದು. ತಿಳೀತಿಲ್ಲೋ?”

ತಿಳಿಯಿತು. ತಿಳಿದ ಮೇಲೆ ಗುಳಿಗೆಗಳಾದವು, ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ಪ್ಲೇಟ್ ಆಯಿತು, ಸೂಜಿ ಚುಚ್ಚಿ ಕೀಲಿನೊಳಗೆ ನೀರು ಬಿಟ್ಟು ತೊಳೆದದ್ದೂ ಆಯಿತು. ಪ್ರತಿ ಸಲವೂ ಬಾಯಿ ಸ್ವಲ್ಪ ತೆರೆದು ಮತ್ತೆ ಹಟ ಹಿಡಿಯಿತು. ಕೊನೆಗೆ ಕಿವಿಯ ಮುಂದೆ ಕೊಯ್ದು, ಜಾರಿದ ಗಾದಿಯನ್ನು ಹಿಂದಕ್ಕೆಳೆದು, ಎಲುಬಿಗೊಂದು ಸಣ್ಣ ಸ್ಕ್ರೂ ಕೂರಿಸಿ ದಾರದಿಂದ ಬಿಗಿದು ಕಟ್ಟಿದರು. ಆಪರೇಶನ್ ಚೆನ್ನಾಗಿಯೇ ಆಯಿತು. ಬಲಹುಬ್ಬು ಮಾತ್ರ ಎಡದ್ದರಷ್ಟು ಮೇಲೇಳುತ್ತಿರಲಿಲ್ಲ. ಅದರ ನರ ಅಲ್ಲೇ ಹಾದುಹೋಗಿದೆ, ಸ್ವಲ್ಪ ಜಗ್ಗಿದೆ, ನಿಧಾನವಾಗಿ ಸರಿಹೋಗುತ್ತದೆ ಎಂದರು.

ಮನೆಗೆ ಕಳಿಸುವ ದಿನ ಡಾಕ್ಟರು ಅವಳ ಕೈಗೆ ಐಸ್‌ಕ್ರೀಮಿನ ಕಟ್ಟಿಗೆ ಕಡ್ಡಿಗಳ ಒಂದು ಕಟ್ಟು ಕೊಟ್ಟರು. “ಗಾದಿ ನಾ ಕಟ್ಟೇನಿ. ಬಾಯಿ ತೆರಿಯೂದು ನಿನ್ನ ಕೆಲಸ. ತಾಸಿಗೊಮ್ಮೆ ಕನ್ನಡಿ ಮುಂದ ಕುಂತು ತೆರೀಬೇಕು. ಗದ್ದ ನೆಟ್ಟಗ ಇಳೀಬೇಕು, ಬಲಕ್ಕ ವಾಲಬಾರದು. ಈ ಕಡ್ಡಿ ಒಂದರ ಮ್ಯಾಲ ಒಂದು ಇಟಗೊಂಡು ಹಲ್ಲಿನ ನಡುವ ಹಿಡಿ, ಹೆಚ್ಚ ಮಾಡಕೋತ ಹೋಗು. ನೋವಾಗ್ತೈತಿ. ಆದ್ರೂ ತೆರೀಬೇಕು. ಬಿಟ್ಟೀ ಅಂದ್ರ ಗಾಯ ಮಾಯಕೋತ ಕೀಲ ಬಿಗದು ಕುಂಡ್ರತೈತಿ.”

ಹೇಳುವುದು ಸುಲಭ. ಡಾಕ್ಟರಿಗೆ ಆ ಮನೆಯ ಪಡಸಾಲೆ ಗೊತ್ತಿರಲಿಲ್ಲ.

ಮಾವ ಶ್ರೀಶೈಲಪ್ಪನವರು ಕೆಟ್ಟವರಲ್ಲ. ಇಪ್ಪತ್ತೆಕರೆ ಹೊಲದ ಯಜಮಾನರು, ಊರಲ್ಲಿ ನಾಲ್ಕು ಮಂದಿ ಮಾತು ಕೇಳುವ ಮನುಷ್ಯ. ಆದರೆ ಸೊಸೆಯ ಜೊತೆ ನೇರವಾಗಿ ಮಾತಾಡುವುದು ಅವರ ಮನೆತನದಲ್ಲಿ ಇರಲಿಲ್ಲ. ಅವರಪ್ಪ ಲಕ್ಕವ್ವನ ಜೊತೆ ಸಾಯುವತನಕ ಮಾತಾಡಿರಲಿಲ್ಲವಂತೆ. ಶ್ರೀಶೈಲಪ್ಪನವರೂ ಸೊಸೆಗೆ ಹೇಳಬೇಕಾದದ್ದನ್ನು ಲಕ್ಕವ್ವನಿಗೆ ಹೇಳುತ್ತಿದ್ದರು. ಲಕ್ಕವ್ವ ಇಲ್ಲದಿದ್ದರೆ ಕಂಬಕ್ಕೆ ಹೇಳುತ್ತಿದ್ದರು. “ಚಾ ಆಗಿದ್ರ ಚಲೋ ಇತ್ತು,” ಎಂದು ಕಂಬಕ್ಕೆ ಹೇಳಿದರೆ ಚಹಾ ಬರುತ್ತಿತ್ತು. ಸೊಸೆಗೆ ನೌಕರಿಯ ಆದೇಶ ಬಂದಾಗಲೂ “ಸರಕಾರದ ಕೆಲಸ, ಬಿಡಬಾರದು” ಎಂದು ಒಪ್ಪಿಗೆ ಕೊಟ್ಟದ್ದು ಕಂಬಕ್ಕೇ.

ಒಂದು ಸಲ ಅವರು ಅವಳದೇ ಬಸ್ಸು ಹತ್ತಿದ್ದರು. ಮುಂದಿನ ಸೀಟಿನಲ್ಲಿ ಕೂತು, ಕಿಟಕಿಯ ಕಡೆ ಮುಖ ತಿರುಗಿಸಿ, ಪಕ್ಕದವನ ಕೈಗೆ ನೋಟು ಕೊಟ್ಟು, “ಕಂಡಕ್ಟರಿಗೆ ಕೊಡ್ರಿ, ಸಿಂದಗಿ ಒಂದು” ಎಂದರು. ನೋಟು ನಾಲ್ಕು ಕೈ ದಾಟಿ ಬಂತು, ಟಿಕೆಟ್ಟು ನಾಲ್ಕು ಕೈ ದಾಟಿ ಹೋಯಿತು. ನೂರು ಮಂದಿಯನ್ನು ಗದರಿಸುತ್ತಿದ್ದ ವಿಜಯಶ್ರೀ ಅವತ್ತು ಸಿಂದಗಿ ಬರುವತನಕ ಪಿಸುಗುಟ್ಟುತ್ತಲೇ ಟಿಕೆಟ್ ಹರಿದಳು. ಡ್ರೈವರ್ ಮುಕ್ತಾರ ಕನ್ನಡಿಯಲ್ಲಿ ನೋಡುತ್ತ ನಕ್ಕದ್ದೇ ನಕ್ಕದ್ದು.

ಇಂಥ ಮಾವನ ಮುಂದೆ ಸೊಸೆಯಾದವಳು ಆಕಳಿಸುವುದಿಲ್ಲ, ನಗುವುದಿಲ್ಲ, ಊಟ ಮಾಡುವುದಿಲ್ಲ. ಒಟ್ಟಿನಲ್ಲಿ ಬಾಯಿ ತೆರೆಯುವುದಿಲ್ಲ. ಮನೆಯ ಒಂದೇ ದೊಡ್ಡ ಕನ್ನಡಿ, ಗಂಡಸರು ದಾಡಿ ಮಾಡಿಕೊಳ್ಳುವುದು, ಪಡಸಾಲೆಯ ಕಂಬಕ್ಕೆ ತೂಗುಬಿದ್ದಿತ್ತು. ಅದರ ಕೆಳಗೇ ಅವರ ಬೈಠಕ್ಕು. ವಿಜಯಶ್ರೀ ಮೊಬೈಲಿನ ಕ್ಯಾಮೆರಾ ತೆರೆದುಕೊಂಡು ಹಿತ್ತಿಲಿಗೆ ಹೋದಳು. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಕಡ್ಡಿ, ಎದುರಿಗೆ ಎಮ್ಮೆ. ಬಾಯಿ ತೆರೆದರೆ ಕಿವಿಯಿಂದ ಹಣೆಯವರೆಗೆ ಬೆಂಕಿ ಹತ್ತಿದಂತಾಗುತ್ತಿತ್ತು. ಎಮ್ಮೆ ನಿರಾಳವಾಗಿ ದವಡೆ ಆಡಿಸುತ್ತ ಅವಳನ್ನೇ ನೋಡುತ್ತಿತ್ತು. ಅದರ ಮೇಲೆ ಅವಳಿಗೆ ನಿಜವಾಗಿಯೂ ಹೊಟ್ಟೆಕಿಚ್ಚಾಯಿತು.

ಮೂರನೆಯ ದಿನವೇ ಲಕ್ಕವ್ವನ ಕೈಗೆ ಸಿಕ್ಕಿಬಿದ್ದಳು. “ಅಯ್ಯ ನಮ್ಮವ್ವಾ, ಏನ್ ಮಾಡಾಕತ್ತಿ ನೀ? ಹೊಲಿಗಿ ಬಿಚ್ಚಿ ಗಿಚ್ಚಾವು! ಮುರದ ಕೈ ಯಾರರ ಆಡಸ್ತಾರೇನು? ಕಟ್ಟಿ ಸುಮ್ನ ಬಿಡಬೇಕು,” ಎಂದವಳೇ ಮೆತ್ತನೆಯ ಹಳೆ ಸೀರೆ ಹರಿದು ಗದ್ದದ ಕೆಳಗಿಂದ ನೆತ್ತಿಯ ಮೇಲಕ್ಕೆ ಕಟ್ಟಿಬಿಟ್ಟಳು. ಮುರಿದ ಎಲುಬು ಕಟ್ಟಿ ಗೊತ್ತಿದ್ದ ಮನೆ ಅದು. ಕೈ ಮುರಿದರೂ ಕಟ್ಟು, ಕಾಲು ಉಳುಕಿದರೂ ಕಟ್ಟು. ಅಂದಮೇಲೆ ದವಡೆಗೆ ಮಾತ್ರ ಬೇರೆ ನ್ಯಾಯವೇ? ಬಂದ ಮಂದಿಗೆಲ್ಲ ಲಕ್ಕವ್ವ ಬಾಗಿಲಲ್ಲೇ ಹೇಳುತ್ತಿದ್ದಳು: “ಮಾತಾಡಸಬ್ಯಾಡ್ರಿ ಅಕಿನ್ನ, ಬಾಯಿಗೆ ಆರಾಮ ಬೇಕಂತ.”

ಡಾಕ್ಟರು ಹೇಳಿದ್ದು ಅದಲ್ಲ ಎಂದು ವಿಜಯಶ್ರೀಗೆ ಗೊತ್ತಿತ್ತು. ಗೊತ್ತಿದ್ದೂ ಕಟ್ಟಿಸಿಕೊಂಡಳು. ಯಾಕೆಂದರೆ ಕಟ್ಟಿದಾಗ ನೋವಿರಲಿಲ್ಲ. ಹೆಸರುಬೇಳೆಯ ಗಂಜಿ, ಹಾಲಿನಲ್ಲಿ ಕಲಸಿದ ರವೆ, ಅತ್ತೆಯೇ ಬಟ್ಟಲು ಹಿಡಿದು ಕುಡಿಸುವುದು. ಮದುವೆಯಾದ ಮೇಲೆ ಇಷ್ಟು ಉಪಚಾರ ಅವಳು ಕಂಡಿರಲಿಲ್ಲ. ಎಳ್ಳ ಅಮಾವಾಸ್ಯೆಗೆ ಮನೆ ತುಂಬ ಸಜ್ಜೆ ರೊಟ್ಟಿ ಬಡಿದರು, ಎಲ್ಲರೂ ಹೊಲಕ್ಕೆ ಹೋದರು. ಇವಳೊಬ್ಬಳು ಗಂಜಿ ಕುಡಿದು ಪಡಸಾಲೆಯಿಂದ ಹಿತ್ತಿಲಿಗೆ, ಹಿತ್ತಿಲಿನಿಂದ ಪಡಸಾಲೆಗೆ ತಿರುಗಿದಳು. ಅವತ್ತು ಕನ್ನಡಿಯ ಮುಂದೆ ಯಾರೂ ಇರಲಿಲ್ಲ. ಕಟ್ಟು ಬಿಚ್ಚಿ, ನಿಂತು, ಬಾಯಿ ತೆರೆದಳು. ಗದ್ದ ಒಂದಿಷ್ಟು ಇಳಿದು ಬಲಕ್ಕೆ ವಾಲಿ ನಿಂತಿತು. ಬೆರಳು ತೂರಿಸಿ ನೋಡಿದಳು, ಒಂದೂವರೆ. ಆಪರೇಶನ್ನಿಗೆ ಮೊದಲು ಇದ್ದದ್ದೂ ಅಷ್ಟೇ. ಮಂದಿ ಬರುವ ಮೊದಲೇ ಕಟ್ಟನ್ನು ಮತ್ತೆ ಬಿಗಿದುಕೊಂಡಳು.

ತೊಗರಿ ರಾಶಿಯ ಕಾಲ. ರಾಶಿ ಮಷೀನು ಅವತ್ತೇ ಹೊಲಕ್ಕೆ ಬರುವುದಿತ್ತಾದ್ದರಿಂದ ಗಂಡ ಸಿದ್ದಲಿಂಗ ಅವಳ ಜೊತೆ ವಿಜಯಪುರದ ತಪಾಸಣೆಗೆ ಬರಲಾಗಲಿಲ್ಲ. “ನಾ ಹೊಕ್ಕೇನಿ ಅಂತ ಹೇಳು,” ಎಂದು ಶ್ರೀಶೈಲಪ್ಪನವರು ಹೆಂಡತಿಗೆ ಹೇಳಿದರು. ಸೊಸೆ ಎರಡು ಹೆಜ್ಜೆ ಆಚೆಯೇ ನಿಂತಿದ್ದಳು.

ಇಂಡಿಯವರೆಗೆ ಮುಕ್ತಾರನ ಗಾಡಿಯೇ ಸಿಕ್ಕಿತು. ಮಾವ ಮುಂದಿನ ಸೀಟು ಹಿಡಿದರು, ಸೊಸೆ ನಡು ಬಾಗಿಲ ಹತ್ತಿರ ನಿಂತಳು. ಸೀಟು ಖಾಲಿ ಇದ್ದರೂ ಕೂರಲಿಲ್ಲ.

“ಅಕ್ಕಾ, ಹೊಸಾ ಕಂಡಕ್ಟರ ಹುಡುಗ ಚಲೋ ಅದಾನ, ಆದ್ರ ಕೂಗಾಕ ಬರೂದಿಲ್ಲ,” ಎಂದ ಮುಕ್ತಾರ. “ಒಂದ ಸಲ ನೀ ಕೂಗಿಬಿಡು. ಗಾಡಿಗಿ ಕಳಾ ಬರಲಿ.”

ಮುಂದಿನ ಸ್ಟಾಪಿನಲ್ಲಿ ಅವಳು ಬಾಗಿಲಿಗೆ ಬಂದು, ಗದ್ದದ ಕಟ್ಟು ಸರಿಸಿ, ಹಳೆಯ ರೂಢಿಯಂತೆ ಕಂಬಿ ಹಿಡಿದು, “ಇಂಡಿ, ಇಂಡಿ, ಇಂಡಿ” ಎಂದಳು. ದನಿ ಹಲ್ಲಿಗೆ ಬಡಿದು ಒಳಗೇ ಉಳಿಯಿತು. ಕೆಳಗೆ ನಿಂತಿದ್ದ ಮುದುಕಿಯೊಬ್ಬಳು ಅವಳ ಮುಖ ನೋಡಿ, “ಎಲ್ಲಿಗಿ ಹೊಂಟೈತವ್ವಾ ಗಾಡಿ?” ಎಂದು ಕೇಳಿದಳು. ಮುಕ್ತಾರ ನಗಲಿಲ್ಲ. ವಿಜಯಶ್ರೀ ಒಳಗೆ ಬಂದು ಕಂಬಿಗೆ ಹಣೆ ಹಚ್ಚಿ ನಿಂತಳು. ಅಳು ಬಂತು, ಅಳುವುದಕ್ಕೂ ಬಾಯಿ ಬೇಕಲ್ಲ. ಮುಂದೆ ಕೂತಿದ್ದ ಮಾವ ಒಮ್ಮೆ ತಿರುಗಿ ನೋಡಿ ಮತ್ತೆ ಕಿಟಕಿಯ ಕಡೆ ಮುಖ ಮಾಡಿದ್ದನ್ನು ಅವಳು ಕಂಡಳು.

ವಿದ್ಯಾವತಿ ಡಾಕ್ಟರು ಬಾಯಿ ಅಳೆದರು, ಕೀಲು ಒತ್ತಿ ನೋಡಿದರು, ಗದ್ದಕ್ಕೆ ಕಟ್ಟಿದ್ದ ಸೀರೆಯ ತುಂಡನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದರು. “ಇದ್ಯಾರು ಕಟ್ಟಿದ್ದು?”

ವಿಜಯಶ್ರೀ ಸೆರಗು ಮುಂದಕ್ಕೆಳೆದುಕೊಂಡಳು.

“ವಿಜಯಶ್ರೀ, ನಾ ಒಳಗ ಕಟ್ಟೇನಂತ ನೀವು ಹೊರಗೂ ಕಟ್ಟೀರೇನು? ಬರೂ ಸೋಮವಾರ ಎರಡೂವರಿ ಬೆರಳು ಹೋಗಬೇಕು. ಹೋಗಲಿಲ್ಲಂದ್ರ ಮತ್ತ ಥಿಯೇಟರಿಗೆ ಕರಕೊಂಡು ಹೋಗಿ, ಎಚ್ಚರ ತಪ್ಪಿಸಿ, ಜುಲುಮಿಲೆ ತೆರಸಬೇಕಾಗ್ತೈತಿ. ಅದಕ್ಕೂ ಬಗ್ಗಲಿಲ್ಲಂದ್ರ ಅಲ್ಲೇ ಮತ್ತ ಕೊಯ್ಯೂದು. ಈ ಸಲ ಹುಬ್ಬಿನ ನರ ಉಳದೈತಿ. ಮುಂದಿನ ಸಲದ್ದು ನಾ ಹೇಳಾಂಗಿಲ್ಲ.”

ಶ್ರೀಶೈಲಪ್ಪನವರು ರುಮಾಲು ಸರಿಪಡಿಸಿಕೊಂಡರು. “ಡಾಕ್ಟರ್ರ, ದಿನಾ ಸರಿಯಾಗಿ ಮಾಡು ಅಂತ ಅಕಿಗೆ ಹೇಳ್ರಿ.”

“ಅಕಿ ನಿಮ್ಮ ಮಗ್ಗಲದಾಗ ನಿಂತಾಳಲ್ರಿ, ನೀವ ಹೇಳ್ರಿ.”

ಅವರು ಗೋಡೆಯ ಮೇಲಿನ ಹಲ್ಲಿನ ಚಿತ್ರ ನೋಡಿದರು. ಅಲ್ಲಿ ಕಂಬ ಇರಲಿಲ್ಲ.

“ಯಜಮಾನರ, ಒಬ್ಬಾಕಿನ ಮಾಡಿದ್ರ ನೋವಿಗಂಜಿ ಅರ್ಧಕ್ಕ ಬಿಡ್ತಾಳ. ಎದುರಿಗೆ ಯಾರರ ಕುಂತು, ಗದ್ದ ಎತ್ತಾಗ ವಾಲತೈತಿ ನೋಡಿ, ಬಿಡಲಾರದಂಗ ಮಾಡಸಬೇಕು. ಮನ್ಯಾಗ ಗಟ್ಟಿ ಮನಸಿನವ್ರು ಯಾರದಾರ?”

ಲಕ್ಕವ್ವ ಸೊಸೆಯ ಕಣ್ಣಲ್ಲಿ ನೀರು ಕಂಡರೆ ತಾನೂ ಅಳುವವಳು. ಸಿದ್ದಲಿಂಗನೋ, ಕರುವಿಗೆ ಸೂಜಿ ಹಾಕಿಸುವಾಗಲೇ ಹೊರಗೆ ಹೋಗುವವನು. ಶ್ರೀಶೈಲಪ್ಪನವರು ಹೊರಗೆ ಬಂದರು. ವಿಜಯಶ್ರೀಗೆ ದಾರಿಯುದ್ದಕ್ಕೂ ಒಂದೇ ಹೆದರಿಕೆ: ಮತ್ತೆ ಥಿಯೇಟರಿನ ಆ ಬೆಳಕಿನ ಕೆಳಗೆ ಮಲಗಬೇಕು, ಮತ್ತೆ ಕೊಯ್ಯಿಸಿಕೊಳ್ಳಬೇಕು, ಅರ್ಧ ಮುಖ ಸತ್ತರೂ ಸಾಯಬಹುದು.

ಮರುದಿನ ಮನೆಯಲ್ಲಿ ಕೂತಲ್ಲಿ ಕೂರದವರು ಇಬ್ಬರಾದರು. ಶ್ರೀಶೈಲಪ್ಪನವರು ಹೊಲಕ್ಕೆ ಹೋದವರು ಅರ್ಧ ದಾರಿಯಿಂದ ತಿರುಗಿ ಬಂದರು. ಕೂತರು, ಎದ್ದರು, ಅಂಗಳದಲ್ಲಿ ಸುತ್ತಿದರು. ಕೊನೆಗೆ ಕಂಬದ ಮೇಲಿನ ಕನ್ನಡಿ ಕೆಳಗಿಳಿಸಿ, ಸ್ಟೂಲೊಂದನ್ನು ಪಡಸಾಲೆಯ ನಡುವೆ ಇಟ್ಟು, ಅಂಗಳದ ಕಡೆ ಮುಖ ಮಾಡಿ ಕೂತರು.

“ನನ್ನ ಬೆನ್ನಿಗೆ ಕುಂಡ್ರಾಕ ಹೇಳು,” ಎಂದರು ಹೆಂಡತಿಗೆ.

ಲಕ್ಕವ್ವನಿಗೆ ಅರ್ಥವಾಗಲಿಲ್ಲ. ಅವರು ಕನ್ನಡಿಯನ್ನು ಭುಜದ ಮಟ್ಟಕ್ಕೆ ಎತ್ತಿ ಹಿಡಿದು, ತಮ್ಮ ಹಿಂದಿನ ಜಾಗ ಅದರಲ್ಲಿ ಕಾಣುವ ಹಾಗೆ ಹೊಂದಿಸಿಕೊಂಡರು. ಆಗ ತಿಳಿಯಿತು. ಮಾವ ಸೊಸೆಯ ಮುಖ ನೋಡಿದ ಹಾಗೂ ಆಗಬಾರದು, ಗದ್ದ ವಾಲುವುದು ಕಾಣಿಸಲೂ ಬೇಕು. ಒಂದು ರಾತ್ರಿಯೆಲ್ಲ ಹೊರಳಾಡಿ ಅವರು ಕಂಡುಕೊಂಡ ಉಪಾಯ ಇದು.

ವಿಜಯಶ್ರೀ ಅವರ ಬೆನ್ನ ಹಿಂದೆ ಕೂತಳು. ತಲೆಯ ಮೇಲಿನ ಸೆರಗು ಹುಬ್ಬಿನತನಕ ಎಳೆದುಕೊಂಡಿದ್ದಳು.

“ಆ ಅನ್ನಾಕ ಹೇಳು.”

“ಆ ಅನ್ನಬೇಕಂತವಾ,” ಎಂದಳು ಲಕ್ಕವ್ವ.

ಅವಳು ತೆರೆದಳು.

“ಬಲಕ್ಕ ಹೊಂಟೈತಿ ಅಂತ ಹೇಳು.”

“ಬಲಕ್ಕ ಹೊಂಟೈತಂತ.” ಅಷ್ಟರಲ್ಲಿ ಬಾಯಿ ಮುಚ್ಚಿಯಾಗಿತ್ತು.

ಹೀಗೆ ನಾಲ್ಕಾರು ಸಲ ನಡೆಯಿತು. ಮಾತು ಲಕ್ಕವ್ವನನ್ನು ಸುತ್ತಿ ಬರುವ ಹೊತ್ತಿಗೆ ಗದ್ದ ತನ್ನ ದಾರಿ ತಾನು ಹಿಡಿದಿರುತ್ತಿತ್ತು. ಸೊಸೆಯ ಕಣ್ಣಲ್ಲಿ ನೀರು ಇಳಿದದ್ದೇ ತಡ, ಲಕ್ಕವ್ವ ಮೂಗೊರೆಸಿಕೊಳ್ಳುತ್ತ, “ನನ್ನ ಕೈಲೆ ನೋಡಾಕ ಆಗೂದಿಲ್ಲ, ನೀವ ಏನರ ಮಾಡಕೋರಿ,” ಎಂದು ಅಡಿಗೆಮನೆಗೆ ಹೋಗಿ ರೊಟ್ಟಿ ಬಡಿಯತೊಡಗಿದಳು. ಪಡಸಾಲೆಯಲ್ಲಿ ಮಾವ, ಸೊಸೆ, ಕನ್ನಡಿ ಉಳಿದರು.

ಶ್ರೀಶೈಲಪ್ಪನವರು ಕನ್ನಡಿಗೆ ಹೇಳಿದರು: “ಆ.”

ಹಿಂದಿನಿಂದ ಸಣ್ಣಗೆ ಬಂತು: “ಆ.”

“ಬಲಕ್ಕ ಹೊಂಟೈತಿ. ಎಡಕ್ಕ.”

ಆ ವಾರವೆಲ್ಲ ಹೀಗೆ ಸಾಗಿತು. ತಾಸು ತಾಸಿಗೆ ಅವರು ಹೊಲದಿಂದ, ಕಟ್ಟೆಯಿಂದ, ಇದ್ದಲ್ಲಿಂದ ಎದ್ದು ಬರುತ್ತಿದ್ದರು. ಕನ್ನಡಿ ಎತ್ತುತ್ತಿದ್ದರು, ಅವಳು ಬೆನ್ನಿಗೆ ಬಂದು ಕೂರುತ್ತಿದ್ದಳು. ಕಡ್ಡಿಗಳು ಒಂದೊಂದಾಗಿ ಹೆಚ್ಚಿದವು. ಎರಡು ಬೆರಳಿಗೆ ಬಂದು ಬಾಯಿ ಮತ್ತೆ ನಿಂತಿತು. ಶನಿವಾರ ನಿಂತದ್ದು ಭಾನುವಾರ ಮಧ್ಯಾಹ್ನವಾದರೂ ಕದಲಲಿಲ್ಲ. ನೋವಿನ ಆ ಗೆರೆ ಬಂದ ಕೂಡಲೇ ಅವಳು ತಾನಾಗಿಯೇ ಹಿಂದೆ ಸರಿಯುತ್ತಿದ್ದಳು. ಮನಸ್ಸು ಮುಂದೆ ಹೋಗು ಎಂದರೂ ದವಡೆ ಕೇಳುತ್ತಿರಲಿಲ್ಲ. ನಾಳೆ ಬೆಳಿಗ್ಗೆ ವಿಜಯಪುರಕ್ಕೆ ಹೋಗಬೇಕು.

ಭಾನುವಾರ ಶ್ರೀಶೈಲಪ್ಪನವರ ಕೈಯೂ ಸೋತಿತ್ತು. ವಾರವಿಡೀ ಎತ್ತಿ ಹಿಡಿದ ಕನ್ನಡಿ ಗಡಗಡ ನಡುಗುತ್ತಿತ್ತು. ಅದರಲ್ಲಿ ಒಮ್ಮೆ ಜಂತಿ ಕಾಣುವುದು, ಒಮ್ಮೆ ಸೊಸೆಯ ಮೂಗು ಕಾಣುವುದು, ಗದ್ದ ಮಾತ್ರ ಕಾಣಲೊಲ್ಲದು.

“ಇದರಾಗ ಏನೂ ಕಾಣವಲ್ದು,” ಎಂದವರೇ ಕನ್ನಡಿಯನ್ನು ನೆಲದ ಮೇಲಿಟ್ಟು, ಸ್ಟೂಲಿನ ಮೇಲೆ ಗರ್ರನೆ ಹಿಂದಕ್ಕೆ ತಿರುಗಿ ಕೂತರು.

ಅವಳು ಸೊಸೆಯಾಗಿ ಬಂದ ಮೇಲೆ ಮೊದಲ ಸಲ ಇಬ್ಬರೂ ಎದುರೆದುರಾದರು. ವಿಜಯಶ್ರೀಯ ಕೈ ಸೆರಗಿಗೆ ಹೋಯಿತು. ಅವರು ಕಣ್ಣು ಕೆಳಗೆ ಹಾಕಿದರು, ಆಮೇಲೆ ಬಲವಂತವಾಗಿ ಎತ್ತಿ ಅವಳ ಗದ್ದದ ಮೇಲೆ ನಿಲ್ಲಿಸಿದರು. ಅವರ ಕಿವಿ ಕೆಂಪಾಗಿತ್ತು.

“ಆ.”

ಅವಳು ತೆರೆದಳು. ಗದ್ದ ಅವಳ ಬಲಕ್ಕೆ ವಾಲಿತು.

“ಎಡಕ್ಕ ಹೊಂಟೈತಿ. ಬಲಕ್ಕ ತಗೋ.”

ಅವಳಿಗೆ ಗೊಂದಲವಾಯಿತು. ನಿನ್ನೆಯವರೆಗೆ ಬಲಕ್ಕೆ ಹೋಗುತ್ತಿದ್ದದ್ದು ಇವತ್ತು ಎಡಕ್ಕೆ ಯಾಕೆ ಹೊರಟಿತು? ಆದರೂ ಹೇಳಿದವರು ಮಾವ. ಬಲಕ್ಕೆ ನೂಕಿದಳು. ಕೀಲಿನಲ್ಲಿ ಸೂಜಿ ಆಡಿಸಿದಂತಾಯಿತು.

“ಮತ್ತಷ್ಟು ಎಡಕ್ಕ ಹೋತು! ಬಲಕ್ಕ, ಬಲಕ್ಕ!”

ಜೀವಮಾನವೆಲ್ಲ ಶ್ರೀಶೈಲಪ್ಪನವರು ಎಡ-ಬಲ ಹೇಳಿದ್ದು ಎತ್ತುಗಳಿಗೆ, ಅವುಗಳ ಹಿಂದೆ ನಿಂತು. ಎತ್ತಿನ ಎಡ ಯಾವುದೋ ಅವರ ಎಡವೂ ಅದೇ. ಕನ್ನಡಿ ಇದ್ದಾಗಲೂ ಅವರು, ಸೊಸೆ ಇಬ್ಬರೂ ಮುಖ ಮಾಡಿದ್ದು ಒಂದೇ ದಿಕ್ಕಿಗೆ. ತಮ್ಮ ಎದುರಿಗೆ ಮುಖ ಕೊಟ್ಟು ಕೂತವರಿಗೆ ದಾರಿ ಹೇಳುವ ಪ್ರಸಂಗ ಈ ಅರವತ್ತೈದು ವರ್ಷಗಳಲ್ಲಿ ಅವರಿಗೆ ಬಂದೇ ಇರಲಿಲ್ಲ.

“ಬಲಕ್ಕ ಅಂದ್ರ ತಿಳಿಯೂದಿಲ್ಲೇನು? ಎಡಕ್ಕ ಹೊಂಟೈತಿ! ಬಲಕ್ಕ ನೂಕು! ಇನ್ನೂ ಬಲಕ್ಕ!”

ಅವಳು ನೂಕಿದಳು. ಕಣ್ಣು ಕತ್ತಲೆ ಬಂತು. ಬೆವರು ಹುಬ್ಬಿಗಿಳಿಯಿತು. ಸೋಮವಾರ, ಆ ಬೆಳಕು, ಬಸ್ಸಿನ ಬಾಗಿಲಲ್ಲಿ ಒಳಗೇ ಉಳಿದ ದನಿ, ಗದ್ದಕ್ಕೆ ಕಟ್ಟಿದ ಸೀರೆ, ಮೆಲುಕು ಹಾಕುವ ಎಮ್ಮೆ, ಎಲ್ಲ ಒಟ್ಟಿಗೇ ತಲೆಗೇರಿತು.

“ಎಡಕ್ಕ! ಎಡಕ್ಕ ಹೊಂಟೈತಿ ಅಂದ್ರ ಕೇಳವಲ್ಲಿ ನೀ—”

“ಅದು ನಿಮ್ಮ ಎಡಾ ಐತ್ರೀ ಮಾವಾರ! ನಂದು ಬಲಾ!”

ಕೂಗು ಪಡಸಾಲೆ ದಾಟಿ, ಅಂಗಳ ದಾಟಿ, ಬೀದಿಗೆ ಹೋಯಿತು.

“ಎದುರಿಗೆ ಕುಂತು ಹೇಳೂವಾಗ ಎದುರಿನವ್ರ ಎಡಾ-ಬಲಾ ನೋಡಬೇಕ್ರಿ! ಗಾಡಿ ಹಿಂದ ತಗಸೂವಾಗ ನಾನೂ ಹಿಂಗ ಹೇಳಿದ್ದಿದ್ರ ಮುಕ್ತಾರಣ್ಣ ಎಂದೋ ಬಸ್‌ಸ್ಟ್ಯಾಂಡಿನ ಗ್ವಾಡಿ ಕೆಡವಿರ್ತಿದ್ದ! ಒಂದ ತಾಸಿನಿಂದ ನನ್ನ ಜೀವಾ ತಿನ್ನಾಕತ್ತೀರಿ, ನಿಮಗ ಅಷ್ಟೂ ತಿಳಿಯಾಂಗಿಲ್ಲೇನ್ರೀ?”

ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು. ಲಕ್ಕವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ಚೌಕಟ್ಟು ಹಿಡಿದಳು. ವಿಜಯಶ್ರೀಯ ಸೆರಗು ಹೆಗಲ ಮೇಲೆ ಬಿದ್ದಿತ್ತು. ತಾನು ಏನು ಮಾಡಿದೆನೆಂದು ಅವಳಿಗೆ ಆಗ ಹೊಳೆಯಿತು. ಸೆರಗಿಗೆ ಕೈ ಹಾಕಿ ಬಾಯಿ ಮುಚ್ಚಹೋದಳು.

“ಮುಚ್ಚಬ್ಯಾಡ!” ಎಂದರು ಶ್ರೀಶೈಲಪ್ಪನವರು. “ಹಂಗ ಇರು. ಬೆರಳ ಹಾಕಿ ನೋಡು.”

ಕಂಬಕ್ಕಲ್ಲ, ಲಕ್ಕವ್ವನಿಗಲ್ಲ, ಅವಳಿಗೇ ಹೇಳಿದರು. ಕೀಲಿನೊಳಗೆ ಬಿಗಿದದ್ದು ಏನೋ ಬಿಟ್ಟುಕೊಂಡಿದ್ದು ಅವಳಿಗೂ ಗೊತ್ತಾಗಿತ್ತು. ಬೆರಳುಗಳನ್ನು ಜೋಡಿಸಿ ಹಲ್ಲುಗಳ ನಡುವೆ ಇಟ್ಟಳು. ಒಂದು ಹೋಯಿತು, ಎರಡು ಹೋಯಿತು, ಮೂರನೆಯದರ ಅರ್ಧ ಹೋಗಿ ನಿಂತಿತು. ಅವಳ ಕೆನ್ನೆಯ ಮೇಲೆ ನೀರು ಹರಿಯುತ್ತಿತ್ತು, ಅದು ನೋವಿಗೋ ಹೆದರಿಕೆಗೋ ಸಂತೋಷಕ್ಕೋ ಅವಳಿಗೇ ತಿಳಿಯಲಿಲ್ಲ.

ಶ್ರೀಶೈಲಪ್ಪನವರು ಬಾಗಿ ಅವಳ ಬೆರಳುಗಳನ್ನು ನೋಡಿದರು. ಆಮೇಲೆ ಸ್ಟೂಲನ್ನು ಒಂದು ಗೇಣು ಮುಂದಕ್ಕೆಳೆದು ಗಟ್ಟಿಯಾಗಿ ಕೂತರು.

“ಎರಡೂವರಿ ಆತವ್ವಾ ವಿಜಯಶ್ರೀ,” ಎಂದರು. “ಮೂರಾಗೂತನಾ ಬೈ.”